ಸಾಹೇಬರಿಗೊಂದು ದ್ವೀಪ ಬೇಕಾಗಿತ್ತು

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಪುಣೆಯ ಸದಾಶಿವ ಪೇಠದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಅಲ್ಲಿಯ ಮುಖ್ಯ ಡಾಕ್ಟರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಒಮ್ಮೆ ಅವರು ಪರದೇಶದ ಒಂದು ಸಮ್ಮೇಳನಕ್ಕೆ ಹೋಗಿ ಬಂದರು. ಬೇರೆಯವರು ಅಲ್ಲಿಂದ ಚಾಕಲೇಟು, ಸೆಂಟು ತರುತ್ತಾರೆ. ಇವರು ಒಂದು ಆಸೆ ತಂದರು. ಅಲ್ಲಿ ಯಾರೋ ಪರದೆಯ ಮೇಲೆ ಚಿತ್ರ ತೋರಿಸಿದ್ದರಂತೆ: ಸಮುದ್ರದ ನಡುವೆ ಪುಟ್ಟ ಪುಟ್ಟ ದ್ವೀಪಗಳು, ಅಲ್ಲಿ ಡಾಕ್ಟರೇ ಇಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲವನ್ನೂ ನರ್ಸುಗಳೇ ಮುಂದೆ ನಿಂತು ನೋಡಿಕೊಳ್ಳುತ್ತಾರೆ, ಬಾರದ ಹಾಗೆ ತಡೆಯುವುದೂ ಅವರೇ. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ. ಆ ಚಪ್ಪಾಳೆ ಸಾಹೇಬರ ಕಿವಿಯಲ್ಲಿ ಉಳಿದುಬಿಟ್ಟಿತು.

ಅಂಥದ್ದೊಂದು ನಮ್ಮದೂ ಆಗಬೇಕು ಎಂದರು. ಪುಣೆಗೆ ಸಮುದ್ರವಿಲ್ಲ ಎಂಬುದು ಅವರಿಗೆ ಸಣ್ಣ ಅಡಚಣೆಯಾಗಿ ಕಂಡಿತು. ನಮ್ಮ ವಾರ್ಡಿನ ಕಿಟಕಿಯ ಕೆಳಗೇ, ಹಳೆಯ ವಾಡೆಗಳ ಕತ್ತಲೆ ಕೋಣೆಗಳಲ್ಲಿ, ಸಕ್ಕರೆ ಕಾಯಿಲೆಯವರು ಸಾಲಾಗಿ ಕೂತಿದ್ದರು. ಮೆಟ್ಟಿಲು ಇಳಿಯಲಾಗದೆ ತಿಂಗಳುಗಟ್ಟಲೆ ಬೀದಿಯನ್ನೇ ಕಾಣದ ಮುದುಕಿಯರಿದ್ದರು. ಆದರೆ ಅವರ ಸುತ್ತ ನೀರಿರಲಿಲ್ಲ. ನೀರಿಲ್ಲದವರ ಕಾಯಿಲೆಗೆ ಯಾವ ಸಭೆಯೂ ಎದ್ದು ನಿಲ್ಲುವುದಿಲ್ಲ. ಸಾಹೇಬರು ಜಿಲ್ಲೆಯ ನಕಾಶೆ ತರಿಸಿ ಹುಡುಕಿದರು. ಕಡೆಗೆ ಇಂದಾಪುರದ ಆಚೆ, ಅಣೆಕಟ್ಟಿನ ಹಿನ್ನೀರಿನಲ್ಲಿ, ಮುಳುಗದೆ ಉಳಿದ ಒಂದು ದಿಬ್ಬ ಸಿಕ್ಕಿತು. ಅದರ ಮೇಲೆ ಒಂದಷ್ಟು ಗುಡಿಸಲು, ಒಂದಷ್ಟು ತಗಡಿನ ಮನೆ. ಮೀನು ಹಿಡಿಯುವವರು, ಕಬ್ಬು ಕಡಿಯಲು ಹೋಗುವವರು. ಹೆಚ್ಚಿನವರು ಯಾದಗಿರಿ ಕಡೆಯಿಂದ ಬಂದು ನಿಂತ ಕನ್ನಡದವರು. ಹಾಗಾಗಿ ನಾನು ಆಯ್ಕೆಯಾದೆ. ನನ್ನ ಕೆಲಸ ನೋಡಿಯಲ್ಲ, ಮನೆಯಲ್ಲಿ ನಾವು ಆಡುವ ಮಾತು ನೋಡಿ. ನಮ್ಮಪ್ಪ ವಿಜಯಪುರದಿಂದ ಬಂದು ಪುಣೆಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಅವರ ಮಗಳು ನರ್ಸಾಗಿದ್ದು ಬೀಗರಿಗೆ ಹೇಳಿಕೊಳ್ಳುವ ವಿಷಯವಾಗಿರಲಿಲ್ಲ. ದ್ವೀಪಕ್ಕೆ ಹೋಗುತ್ತಾಳೆ ಎಂದ ಮೇಲೆ ಮಾತ್ರ ನಮ್ಮ ಅತ್ತೆಯಂದಿರು ಅಕ್ಕಪಕ್ಕದವರಿಗೆ ಹೇಳಿಕೊಂಡು ಬಂದರು.

ನನ್ನ ಜೊತೆ, ಅಲ್ಲ, ನನ್ನ ಮೇಲೆ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಅವರೂ ನಮ್ಮ ಕಡೆಯವರೇ. ಗಂಡ ಕಾರ್ಖಾನೆಯ ಕೆಲಸದಲ್ಲಿದ್ದುದರಿಂದ ಪುಣೆಯಾಚೆ ನಿಗಡಿಯಲ್ಲಿ ಮನೆ. ಗಿಡ್ಡ, ಗಟ್ಟಿ ಹೆಂಗಸು. ಬೈಯುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಬೆಳೆಸಿ ಹಿಂದಿಯಲ್ಲಿ ಮುಗಿಸುತ್ತಿದ್ದರು. ದ್ವೀಪದ ವಿಷಯ ತಿಳಿದಾಗ ಅವರು ಹೇಳಿದ್ದು ಇಷ್ಟೇ: “ಸಾಹೇಬ್ರಿಗೆ ಈಜು ಬರ್ತದೇನು ಕೇಳು.”

ಉದ್ಘಾಟನೆ ದೀಪಾವಳಿ ಮುಗಿದ ಮೇಲೆ ಆಯಿತು. ಹಿನ್ನೀರು ತುಂಬಿ ತುಳುಕುತ್ತಿತ್ತು. ಸಾಹೇಬರು ಬಿಳಿ ಬೂಟು ಹಾಕಿಕೊಂಡು ದೋಣಿ ಹತ್ತಿದರು. ದೋಣಿ ನಡುನೀರಿಗೆ ಬಂದು ಸ್ವಲ್ಪ ವಾಲಿದ್ದೇ ತಡ, ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಚೆ ದಡದಲ್ಲಿ ಇಳಿಯುವ ಹೊತ್ತಿಗೆ ಮುಖ ಹಾಲಿನಂತಾಗಿತ್ತು. ಆದರೂ ಭಾಷಣ ಮಾಡಿದರು. ಈ ದ್ವೀಪದ ಆರೋಗ್ಯವನ್ನು ಇನ್ನು ಮುಂದೆ ನಮ್ಮ ನರ್ಸುಗಳೇ ಮುನ್ನಡೆಸುತ್ತಾರೆ ಎಂದರು. ನಮ್ಮನ್ನು ನಂಬಿ ಆಡಿದ ಮಾತೆಂದು ನಾನು ಹಿಗ್ಗಿದೆ. ವಾಪಸು ಬರುವಾಗ ಸಾಹೇಬರು ಕಣ್ಣು ಮುಚ್ಚಿ ಕೂತಿದ್ದನ್ನು ನೋಡಿ ಸಿಸ್ಟರ್ ನನ್ನ ಕಿವಿಯಲ್ಲಿ, “ನಂಬಿಕಿ ಅಲ್ಲವಾ, ಅಂಜಿಕಿ. ಇನ್ನೊಮ್ಮೆ ಬರೂದಿಲ್ಲ ಇಂವ,” ಎಂದರು. ತುಂಬಿದ ನೀರಿನಲ್ಲಿ ಅವರು ಮತ್ತೆ ಬರಲೂ ಇಲ್ಲ.

ಅದೇ ದಿನ ಬೆರಳು ಚುಚ್ಚಿ ಎಲ್ಲರ ಸಕ್ಕರೆ ನೋಡಿದ್ದೆವು. ಹೆಚ್ಚಿದೆ ಎಂದು ಗೊತ್ತಾದವರನ್ನು ಒಂದು ಕಡೆ ಕೂರಿಸಿದ್ದೆವು. ಸಮಾರಂಭ ಮುಗಿದ ಮೇಲೆ ನಮ್ಮ ಆಸ್ಪತ್ರೆಯವರು ಮೊದಲು ಅವರಿಗೇ ಪೇಢೆ ಹಂಚಿದರು. ಜೊತೆಗೊಂದು ಬಣ್ಣದ ಕಾಗದ. ಅದರಲ್ಲಿ ಸೇಬು ಕಚ್ಚುತ್ತಿರುವ ಬಿಳಿ ಹೆಂಗಸಿನ ಚಿತ್ರ. ದಿನವೂ ಹಣ್ಣು ತಿನ್ನಿ, ಬೆಳಿಗ್ಗೆ ಉದ್ಯಾನದಲ್ಲಿ ಚುರುಕಾಗಿ ನಡೆಯಿರಿ ಎಂದು ಮರಾಠಿಯಲ್ಲಿ ಬರೆದಿತ್ತು. ಬೆಳಗಿನ ಜಾವಕ್ಕೆದ್ದು ಒದ್ದೆ ಬಲೆ ಎಳೆಯುವ ಜನಕ್ಕೆ! ಅವರು ಆ ಕಾಗದವನ್ನು ಗೋಡೆಯ ತೂತಿಗೆ ಅಂಟಿಸಿದರು. ಅಷ್ಟರ ಮಟ್ಟಿಗೆ ಅದು ಚಳಿಯಿಂದ ರಕ್ಷಣೆ ಕೊಟ್ಟಿತೆನ್ನಬೇಕು.

ಆಮೇಲೆ ಹದಿನೈದು ದಿನಕ್ಕೊಮ್ಮೆ ನಾವಿಬ್ಬರೇ ಹೋಗತೊಡಗಿದೆವು. ಸ್ವಾರಗೇಟ್ ನಿಲ್ದಾಣದಿಂದ ಸೋಲಾಪುರ ರಸ್ತೆಯ ಕೆಂಪು ಬಸ್ಸು, ಇಂದಾಪುರದಿಂದ ಕೋಳಿ, ಗೊಬ್ಬರದ ಚೀಲಗಳ ನಡುವೆ ಟೆಂಪೋ, ಆಮೇಲೆ ದೋಣಿ. ಮಾತ್ರೆಗಳನ್ನು ಪುಣೆಯಲ್ಲಿ ಕೂತ ಒಬ್ಬ ಡಾಕ್ಟರು ಬರೆದುಕೊಡುತ್ತಿದ್ದರು. ಉಳಿದದ್ದೆಲ್ಲ ನಮ್ಮ ಪಾಲು. ಸಿಸ್ಟರ್ ಮೊದಲು ಮಾಡಿದ ಕೆಲಸವೆಂದರೆ ಅಡಿಗೆ ಒಲೆಗಳ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತದ್ದು. ಯಾರು ಚಹಾಕ್ಕೆ ಎಷ್ಟು ಸಕ್ಕರೆ ಸುರಿಯುತ್ತಾರೆ, ಒಣಮೀನಿಗೆ ಎಷ್ಟು ಉಪ್ಪು ಹಚ್ಚುತ್ತಾರೆ, ಯಾವ ಮುದುಕಿ ಹಲ್ಲಿಗೆ ಮಿಶ್ರಿ ತಿಕ್ಕಿ ಹೊಗೆಸೊಪ್ಪಿನ ಆ ಕಪ್ಪು ಪುಡಿಯನ್ನು ಕೆನ್ನೆಯಲ್ಲೇ ಇಟ್ಟುಕೊಳ್ಳುತ್ತಾಳೆ, ಎಲ್ಲ ನೋಡಿದರು. ನೋಡಿ ಎಲ್ಲರನ್ನೂ ಬೈದರು. ಹೆಂಗಸರು ಮೊದಮೊದಲು ಮುಸಿಮುಸಿ ನಕ್ಕರು, ಆಮೇಲೆ ಮುನಿಸಿಕೊಂಡರು, ಆಮೇಲೆ ನಮ್ಮ ದೋಣಿ ಕಂಡ ಕೂಡಲೇ ಸಕ್ಕರೆ ಡಬ್ಬಿ ಅಡಗಿಸತೊಡಗಿದರು. “ಅಡಗಿಸ್ತಾರಲ್ಲ, ಅದು ತಪ್ಪು ಅಂತ ತಿಳೀತು ಅಂದಂಗಾತು,” ಎಂದು ಸಿಸ್ಟರ್ ಅದನ್ನೂ ಗೆಲುವೆಂದೇ ಎಣಿಸಿದರು. ನಿಜ ಹೇಳಬೇಕೆಂದರೆ ದ್ವೀಪದ ಜನವೇನು ದೇವರುಗಳಾಗಿರಲಿಲ್ಲ. ಮಾತ್ರೆಯನ್ನು ಹಂಚಿಕೊಂಡು ನುಂಗುತ್ತಿದ್ದರು, ತಲೆಸುತ್ತು ನಿಂತ ಕೂಡಲೇ ಬಿಡುತ್ತಿದ್ದರು, ಕೇಳಿದರೆ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಿದ್ದರು.

ನಮ್ಮನ್ನು ದಾಟಿಸುತ್ತಿದ್ದವನು, ಉದ್ಘಾಟನೆಯ ದಿನ ಸಾಹೇಬರನ್ನೂ ದಾಟಿಸಿದವನು, ಒಬ್ಬ ಅಂಬಿಗ. ನಡುವಯಸ್ಸು ದಾಟಿದವನು, ಮೀಸೆ ತಿರುವುವ ಚಟದವನು. ಸಕ್ಕರೆ ಹೆಚ್ಚಿದ್ದವರಲ್ಲಿ ಅವನೂ ಒಬ್ಬ. ನಾವು ಬರುವ ದಿನ ಮೊಣಕಾಲುದ್ದ ನೀರಿನಲ್ಲಿ ಬರಿಗಾಲಲ್ಲಿ ನಿಂತು ದೋಣಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದ. ನಾನು ಪ್ರತಿಸಲ ಕೂಗಿಕೊಂಡೇ ಹತ್ತುತ್ತಿದ್ದೆ, ಅವನು ಪ್ರತಿಸಲ ನಗುತ್ತಿದ್ದ.

ಜನವರಿಯ ಒಂದು ಬೆಳಿಗ್ಗೆ ದೋಣಿಯಲ್ಲಿ ಸಿಸ್ಟರ್ ಮೂಗು ಅರಳಿಸಿ ಸುತ್ತ ನೋಡಿದರು. ಮೀನಿನ ವಾಸನೆಯ ನಡುವೆ ಇನ್ನೊಂದು ವಾಸನೆ ಹಿಡಿದಿದ್ದರು.

“ಏ, ಕಾಲು ಎತ್ತು ಇಲ್ಲಿ.”

“ಏನಿಲ್ರಿ ಅಕ್ಕಾರ.”

“ಎತ್ತಂದ್ರ ಎತ್ತು!”

ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ಗಾಳದ ಮುಳ್ಳು ಚುಚ್ಚಿದ ತೂತು. ಸುತ್ತ ಬೆಳ್ಳಗೆ ನೆಂದು ಬಿರಿದ ಚರ್ಮ. ಒತ್ತಿದರೆ ಕೀವು.

“ನೋವೇ ಇಲ್ರಿ,” ಎಂದ ಅವನು, ಅದೊಂದು ಪರಾಕ್ರಮದಂತೆ.

“ನೋವಿಲ್ಲಲ್ಲ, ಅದಕ್ಕs ಅಂಜಬೇಕು. ಸಕ್ಕರಿ ನಿನ್ನ ಕಾಲಿನ ನರಾ ತಿಂದದ. ನಾಳೆ ಕಾಲ ಕೊಳತ್ರೂ ನಿನಗ ತಿಳೀದಿಲ್ಲ.”

ತೊಳೆದು ಪಟ್ಟಿ ಕಟ್ಟಿದೆವು. ಗಾಯ ಮಾಯುವ ತನಕ ನೀರಿಗೆ ಇಳಿಯಕೂಡದು ಎಂದು ಸಿಸ್ಟರ್ ಕಟ್ಟುನಿಟ್ಟಾಗಿ ಹೇಳಿದರು. ಅಂಬಿಗ ನಮ್ಮಿಬ್ಬರನ್ನೂ ನೋಡಿದ.

“ನಾ ನೀರಿಗಿ ಇಳೀಲಿಲ್ಲಂದ್ರ ನೀವು ಹ್ಯಾಂಗ ಬರ್ತೀರಿ?”

ಮಾತು ನ್ಯಾಯವಾಗಿತ್ತು. ಕಾಲು ಉಳಿಸಲು ಬಂದ ನಮ್ಮನ್ನು ಇಳಿಸಿಕೊಳ್ಳಲು ಅವನು ಕಾಲು ನೆನೆಸಬೇಕಿತ್ತು. ಇಂಥ ಸಂಗತಿ ಸಾಹೇಬರು ನೋಡಿದ ಪರದೆಯ ಮೇಲೆ ಬಂದಿರಲಿಕ್ಕಿಲ್ಲ.

ಸಿಸ್ಟರ್ ಅವನ ಹೆಂಡತಿಯನ್ನು ಕರೆಸಿದರು. ಒಣಕಲು ಹೆಂಗಸು, ಆದರೆ ತೋಳು ಹುರಿಗೊಂಡಿದ್ದವು. ಮೀನು ಹಿಡಿಯುವವರ ಮನೆಯಲ್ಲೇ ಹುಟ್ಟಿದವಳು. ಹುಟ್ಟು ಹಾಕಲು ಬರುತ್ತದೇನು ಎಂದು ಕೇಳಿದ್ದಕ್ಕೆ, “ಇವಗಿಂತ ಚಂದ ಬರ್ತದ. ಹಾಕಾಕ ಬಿಡಂಗಿಲ್ಲ,” ಎಂದಳು.

“ಹೆಂಗಸು ದೋಣಿ ನಡಸಿದ್ರ ಮಂದಿ ಏನಂತಾರ? ನನ್ನ ಮಾನ?” ಎಂದ ಅವನು.

“ನಿನ್ನ ಮಾನ ಕಾಲ್ಬೆರಳನ್ಯಾಗ ಅದ ಏನು? ಹಂಗಿದ್ರ ಲಗೂನ ಹೋಗ್ತದ ತಗೋ,” ಎಂದರು ಸಿಸ್ಟರ್.

ಅವತ್ತು ಸಂಜೆ ನಮ್ಮನ್ನು ದಾಟಿಸಿದವಳು ಅವಳೇ. ದೋಣಿ ಅಲುಗಲಿಲ್ಲ. ಅಂಬಿಗ ದಡದಲ್ಲಿ ಬೆನ್ನು ತಿರುಗಿಸಿ ಕೂತಿದ್ದ.

ಪುಣೆಗೆ ಬಂದು ನಾವು ಸಾಹೇಬರ ಮುಂದೆ ಒಂದೇ ಒಂದು ಬೇಡಿಕೆ ಇಟ್ಟೆವು. ದೋಣಿ ಹತ್ತುವ ಕಡೆ ನಾಲ್ಕು ಕಂಬ ಹುಗಿದು ಹಲಗೆ ಹೊಡೆಸಿ ಕಟ್ಟೆ ಮಾಡಿಸಿಕೊಡಿ, ಯಾರೂ ನೀರಿಗಿಳಿಯದೆ ಹತ್ತಬಹುದು ಎಂದೆವು. ಹಲಗೆ ಆರೋಗ್ಯಸೇವೆಯಲ್ಲಿ ಬರುವುದಿಲ್ಲ ಎಂದರು ಅವರು. ನಮ್ಮ ಮುಂದಿನ ಸಲದ ಸಾಮಾನಿನ ಜೊತೆ ಒಂದು ದೊಡ್ಡ ಬಟ್ಟೆಯ ಫಲಕ ಬಂತು. ಅದರ ಮೇಲೆ ದ್ವೀಪ, ತೆಂಗಿನ ಮರ, ಬಿಳಿ ಟೋಪಿಯ ನರ್ಸು, ಮತ್ತು ನರ್ಸಿಗಿಂತ ದೊಡ್ಡದಾಗಿ ಸಾಹೇಬರ ಮುಖ. ನಮ್ಮ ದಿಬ್ಬದಲ್ಲಿ ತೆಂಗಿನ ಮರವಿರಲಿಲ್ಲ, ಜಾಲಿ ಇತ್ತು. ಕಟ್ಟಲು ಕಂಬ ಬೇಕಲ್ಲ ಎಂದಾಗ ಕಂಬಗಳೂ ಬಂದವು. ಫಲಕಕ್ಕೆ ಕಂಬ ಸಿಕ್ಕಿತು, ಕಟ್ಟೆಗೆ ಸಿಗಲಿಲ್ಲ.

ಅಂಬಿಗ ಸ್ವಲ್ಪ ದಿನ ಹೇಳಿದಂತೆ ಕೇಳಿದ. ಆಮೇಲೆ ಯಾರೋ ಮೀನು ವ್ಯಾಪಾರಿ, “ಮನೀ ಯಜಮಾನ್ತಿ ಅದಾಳಲ್ಲ, ನಿನಗ್ಯಾಕ ಮಾತು,” ಎಂದು ಅಣಕಿಸಿದನಂತೆ. ರೋಷ ಬಂದು ಪಟ್ಟಿ ಬಿಚ್ಚಿ ನೀರಿಗಿಳಿದ. ಮುಂದಿನ ಸಲ ನಾವು ಹೋದಾಗ ಗುಡಿಸಲಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ. ಹೆಬ್ಬೆರಳು, ಅದರ ಪಕ್ಕದ ಬೆರಳು ಎರಡೂ ಕಪ್ಪಾಗಿದ್ದವು. ಸಿಸ್ಟರ್ ಬೈಯಲಿಲ್ಲ. ಬೈಗುಳ ಕೇಳಿಸಿಕೊಳ್ಳಲು ಕಾದಿದ್ದವನ ಹಾಗೆ ಅವನು ಅವರ ಮುಖವನ್ನೇ ನೋಡುತ್ತಿದ್ದ. ಅವರು ಸುಮ್ಮನಿದ್ದುದನ್ನು ಕಂಡು ಮೊದಲ ಬಾರಿಗೆ ಹೆದರಿದ.

“ಅಕ್ಕಾರ, ಕಾಲು ಹೋಗ್ತದೇನ್ರಿ?”

“ಇವತ್ತs ಪುಣೆಕ್ಕ ಬಂದ್ರ ಉಳಿದೀತು. ಏಳು.”

ಹೆಂಡತಿ ದೋಣಿ ನಡೆಸಿದಳು. ಟೆಂಪೋದವನು ಕಾಯಿಲೆಯವನನ್ನು ಹತ್ತಿಸಿಕೊಳ್ಳುವುದಿಲ್ಲ ಎಂದ. ಸಿಸ್ಟರ್ ಅವನ ಕೀಲಿಕೈ ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡರು, ಅವನು ಒಪ್ಪಿದ ಮೇಲೆಯೇ ಕೊಟ್ಟರು. ನಮ್ಮ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಒಳ್ಳೆಯವರು, ಹೆಚ್ಚು ಪ್ರಶ್ನೆ ಕೇಳದೆ ಸೇರಿಸಿಕೊಂಡರು. ಎರಡು ಬೆರಳು ಹೋದವು. ಕಾಲು ಉಳಿಯಿತು.

ಸಾಹೇಬರು ಆಗ ದಿಲ್ಲಿಯಲ್ಲಿದ್ದರು. ದ್ವೀಪದ ಮೇಲೆ ಭಾಷಣ ಮಾಡಲು ಹೋಗಿದ್ದರು. ತಿರುಗಿ ಬಂದು ವಾರ್ಡಿನಲ್ಲಿ ಸುತ್ತು ಹಾಕುವಾಗ ಅಂಬಿಗನ ಮಂಚದ ಮುಂದೆ ನಿಂತರು. ಎಲ್ಲಿಯವನೆಂದು ಗೊತ್ತಾಗುತ್ತಲೇ ಮುಖ ಕಹಿಯಾಯಿತು.

“ಇವನನ್ನ ಯಾಕೆ ಇಲ್ಲಿಗೆ ತಂದಿರಿ? ಅಲ್ಲೇ ನೋಡಿಕೊಳ್ಳಬೇಕು ಅನ್ನೋದೇ ಅಲ್ಲವೇ ನಮ್ಮ ಉದ್ದೇಶ? ದ್ವೀಪದಲ್ಲಿ ಒಬ್ಬರಿಗೂ ಬೆರಳು ತೆಗೆಯುವ ಪ್ರಸಂಗ ಬಂದಿಲ್ಲ ಅಂತ ನಾನು ಮೊನ್ನೆಯಷ್ಟೇ ಹೇಳಿ ಬಂದಿದ್ದೇನೆ,” ಎಂದು ಮರಾಠಿಯಲ್ಲಿ ಗದರಿದರು.

ಸಿಸ್ಟರ್ ಅದೇ ಮರಾಠಿಯಲ್ಲಿ, “ತಪ್ಪಾಯಿತು ಸಾಹೇಬ. ಬೆರಳುಗಳಿಗೆ ನಿಮ್ಮ ಭಾಷಣದ ದಿನ ಗೊತ್ತಿರಲಿಲ್ಲ,” ಎಂದರು. ಸಾಹೇಬರಿಗೆ ಅದು ಕ್ಷಮೆಯೋ ಬೈಗುಳವೋ ತಿಳಿಯಲಿಲ್ಲ. ಮುಂದಿನ ಮಂಚಕ್ಕೆ ಹೋದರು.

ಬೆರಳು ಹೋದದ್ದರಿಂದ ದ್ವೀಪಕ್ಕೆ ಒಂದು ಉಪಕಾರವಾಯಿತು. ನಮ್ಮ ಬಾಯಿಮಾತು ಮಾಡದ್ದನ್ನು ಅಂಬಿಗನ ಕಾಲು ಮಾಡಿತು. ಅವನು ಮನೆಗೆ ಮರಳಿದ ಮೇಲೆ ಎಲ್ಲರೂ ಬಂದು ಪಾದ ನೋಡಿ ಹೋದರು. ಅವನ ಹೆಂಡತಿ ಅದನ್ನೇ ಹಿಡಿದುಕೊಂಡಳು. ಸಂಜೆ ಹೆಂಗಸರನ್ನು ದಡದ ಬಂಡೆಯ ಮೇಲೆ ಕೂರಿಸಿ ಒಬ್ಬರ ಅಂಗಾಲನ್ನು ಇನ್ನೊಬ್ಬರಿಂದ ನೋಡಿಸತೊಡಗಿದಳು. ಮುಳ್ಳು, ಬಿರುಕು, ಗುಳ್ಳೆ, ಏನಿದ್ದರೂ ನಮಗೆ ಹೇಳಬೇಕು. ಗಂಡಸರು ಹಳೆ ಟಯರಿನ ಚಪ್ಪಲಿ ಹಾಕಿಕೊಳ್ಳತೊಡಗಿದರು. ಕಂಬದ ಮೇಲಿನ ಫಲಕವನ್ನು ಯಾರೋ ಬಿಚ್ಚಿ ಮೀನು ಒಣಗಿಸಲು ಹಾಸಿದರು. ಸಾಹೇಬರ ಮುಖದ ಮೇಲೆ ಮೀನು ಬೇಗ ಒಣಗುತ್ತದೆ ಎಂದು ಒಬ್ಬ ಮುದುಕಿ ಸಿಸ್ಟರಿಗೆ ಹೇಳಿದಾಗ ನಾನು ನಗು ತಡೆಯಲಾರದೆ ಗುಡಿಸಲ ಹಿಂದೆ ಹೋದೆ.

ಮೇ ತಿಂಗಳಲ್ಲಿ ಪರದೇಶದ ಅತಿಥಿಗಳು ಬರುತ್ತಾರೆ ಎಂದು ಸಾಹೇಬರು ಸಾರಿದರು. ಆ ಸಮ್ಮೇಳನದವರೇ, ಕೆಲವರು. ದ್ವೀಪ ನೋಡಬೇಕಂತೆ. ಸಿಸ್ಟರ್, “ಸಾಹೇಬ, ಮೇ ಬೇಡ,” ಎಂದರು. ಬಿಸಿಲಿಗೆ ಹೆದರುತ್ತಿದ್ದಾರೆಂದು ಸಾಹೇಬರು ತಿಳಿದುಕೊಂಡರು, ನರ್ಸಾದವಳು ಬಿಸಿಲು ಮಳೆ ನೋಡಬಾರದು ಎಂದು ಉಪದೇಶ ಮಾಡಿದರು. ಸಿಸ್ಟರ್ ಮುಂದೆ ಏನೂ ಹೇಳಲಿಲ್ಲ. ಹೇಳಬಹುದಿತ್ತು. ಬೇಕೆಂದೇ ಹೇಳಲಿಲ್ಲವೆಂದು ಈಗಲೂ ನನ್ನ ಗುಮಾನಿ.

ಬೇಸಿಗೆಗೆ ಹಿನ್ನೀರು ಇಳಿಯುತ್ತದೆ. ಏಪ್ರಿಲ್ ಹೊತ್ತಿಗೇ ನಮ್ಮ ದಿಬ್ಬಕ್ಕೆ ಎತ್ತಿನ ಗಾಡಿ ಹೋಗುತ್ತದೆ. ಅತಿಥಿಗಳ ಮೋಟಾರುಗಳು ದಡಕ್ಕೆ ಬಂದು ನಿಂತಾಗ ಎದುರಿಗೆ ಬಿರುಕುಬಿಟ್ಟ ಕೆಸರು, ಅದರ ಮೇಲೆ ಎಮ್ಮೆಗಳು. ದೂರದಲ್ಲಿ ಒಂದು ಗೆರೆಯಷ್ಟು ನೀರು. ಸಾಹೇಬರು ಮೋಟಾರಿನಿಂದ ಇಳಿದು ನಮ್ಮಿಬ್ಬರನ್ನೂ ನೋಡಿದ ರೀತಿ ಹೇಗಿತ್ತೆಂದರೆ, ನಾವೇ ಆ ನೀರನ್ನು ಕುಡಿದು ಮುಗಿಸಿದ್ದೇವೆ ಎಂಬಂತೆ.

“ದ್ವೀಪ ಎಲ್ಲಿ?” ಎಂದರು.

“ಅದೇ ಸಾಹೇಬ, ಎಮ್ಮೆಯ ಹಿಂದೆ,” ಎಂದರು ಸಿಸ್ಟರ್.

ಆದರೂ ಫೋಟೋ ಆಗಲೇಬೇಕಿತ್ತು. ಕೆಸರಿನಲ್ಲಿ ವಾಲಿಕೊಂಡಿದ್ದ ದೋಣಿಯನ್ನು ನೆಟ್ಟಗೆ ನಿಲ್ಲಿಸಿ, ಅಂಬಿಗನನ್ನು ಅದರಲ್ಲಿ ಹುಟ್ಟು ಹಿಡಿಸಿ ಕೂರಿಸಲು ಹೇಳಿದರು. ಚಪ್ಪಲಿ ತೆಗೆಯಲಿ, ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದೂ ಹೇಳಿದರು. ನಾನು ಆ ಮಾತನ್ನು ಕನ್ನಡಕ್ಕೆ ತಂದು ಹೇಳುವಷ್ಟರಲ್ಲಿ ಅಂಬಿಗನ ಹೆಂಡತಿ ನಡುವೆ ಬಂದು ನಿಂತಳು.

“ಚಪ್ಪಲಿ ತಗಿಯಂಗಿಲ್ಲ. ಆ ಸಾಹೇಬಗ ಕೇಳ್ರಿ, ನನ್ನ ಗಂಡನ ಬ್ಯಾನಿ ನೋಡಾಕ ಬಂದಾನೋ, ನೀರು ನೋಡಾಕ ಬಂದಾನೋ? ನೀರು ಬೇಕಿದ್ರ ಮಳೆಗಾಲಕ್ಕ ಬಾ ಅನ್ರಿ. ಅವಾಗ ನಾನ ದಾಟಸ್ತೀನಿ. ನಡುನೀರನ್ಯಾಗ ಕೈ ಹಿಡಕೊಳ್ಳಾಕ ನಾ ಇರ್ತೀನಿ.”

ಇದರಲ್ಲಿ ಒಂದು ಅಕ್ಷರವನ್ನೂ ಬಿಡದೆ ನಾನು ಮರಾಠಿಗೆ ತಂದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಶ್ರದ್ಧೆಯಿಂದ ಇನ್ನಾವ ಕೆಲಸವನ್ನೂ ಮಾಡಿಲ್ಲ.

ಅತಿಥಿಗಳಲ್ಲಿ ಒಬ್ಬಾಕೆ ಮಾತ್ರ ಈ ಗದ್ದಲಕ್ಕೆ ಕಾದಿರಲಿಲ್ಲ. ಕಪ್ಪು ಮೈಬಣ್ಣದ, ದಪ್ಪ, ಬೆವರು ಒರೆಸಿಕೊಳ್ಳುತ್ತಿದ್ದ ಹೆಂಗಸು. ಉಳಿದವರು ಡಾಕ್ಟರರು, ಈಕೆಯೊಬ್ಬಳು ನರ್ಸು, ನಿಜವಾದ ಸಮುದ್ರದ ನಿಜವಾದ ದ್ವೀಪದವಳು. ದೋಣಿಯ ಅಂಚಿನಲ್ಲಿ ಕೂತು ಅಂಬಿಗನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೆರಳಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿ ಸಿಸ್ಟರ್ ಕಡೆ ತಿರುಗಿದಳು. ನನ್ನ ಹರಕು ಇಂಗ್ಲಿಷಿನಲ್ಲಿ ಇಬ್ಬರ ಮಾತು ಹೇಗೋ ಆಚೀಚೆ ಹೋಯಿತು. ತಮ್ಮಲ್ಲೂ ಡಾಕ್ಟರರು ಬರುವುದು ಸಮುದ್ರ ಶಾಂತವಿದ್ದ ದಿನ ಮಾತ್ರ ಎಂದಳು. ಸೇಬಿನ ಕಾಗದದ ವಿಷಯ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರ ದ್ವೀಪಕ್ಕೂ ಅದೇ ಕಾಗದ ಬಂದಿತ್ತಂತೆ, ಸೇಬು ಮಾತ್ರ ಬಂದಿರಲಿಲ್ಲವಂತೆ. ಆಮೇಲೆ ಅವರಿಬ್ಬರೂ ಹೆಂಗಸರ ಸಾಲಿನ ಮುಂದೆ ಕೂತು ಒಂದೊಂದೇ ಪಾದ ನೋಡುತ್ತ ಹೋದರು. ಸಾಹೇಬರು ಕೊಡೆಯ ಕೆಳಗೆ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಆ ವರ್ಷ ಮಳೆಗಾಲಕ್ಕೆ ಮುಂಚೆಯೇ ಯೋಜನೆ ನಿಂತಿತು. ಸಾಹೇಬರಿಗೆ ಈಗ ಗುಡ್ಡಗಳ ಮೇಲೆ ಮನಸ್ಸಾಗಿತ್ತು. ಗುಡ್ಡ ಬೇಸಿಗೆಯಲ್ಲಿ ಇಳಿದು ಹೋಗುವುದಿಲ್ಲ. ಕಡೆಯ ಸಲ ಹೋಗಿ, ಇನ್ನು ಬರುವುದಿಲ್ಲ ಎಂದು ನಾನು ನೆಲ ನೋಡುತ್ತ ಹೇಳಿದೆ. ಅಂಬಿಗನ ಹೆಂಡತಿ ನನ್ನ ಮುಖಕ್ಕೇ ಕೇಳಿದಳು.

“ಬರ್ರಿ ಅಂತ ನಾವು ಕರದಿದ್ದೆವೇನ್ರಿ? ಬಂದ್ರಿ, ರೂಢಿ ಮಾಡಿದ್ರಿ, ಈಗ ಹೊಂಟ್ರಿ. ನಮ್ಮ ಗುಳಿಗಿ ಯಾರು ಕೊಡ್ತಾರ?”

ಸಿಸ್ಟರ್ ಅವಳ ಕೈ ಹಿಡಿದುಕೊಂಡೇ ಇಂದಾಪುರಕ್ಕೆ ಹೋದರು. ಅಲ್ಲಿಯ ಸರಕಾರಿ ದವಾಖಾನೆಯ ನರ್ಸಿನ ಮುಂದೆ ನಿಲ್ಲಿಸಿದರು. ಆ ನರ್ಸು ಮೊದಲು ಕೆಲಸವಿದೆ ಎಂದಳು, ಆಮೇಲೆ ಔಷಧವಿಲ್ಲ ಎಂದಳು. ಸಿಸ್ಟರ್ ಬೆಂಚಿನ ಮೇಲೆ ಕೂತು ಮೂರು ಭಾಷೆಯನ್ನೂ ಉಪಯೋಗಿಸಿದರು. ಊಟದ ಹೊತ್ತು ಮೀರುವುದರೊಳಗೆ ಒಪ್ಪಂದವಾಯಿತು. ಸಂತೆಯ ದಿನ ಅಂಬಿಗನ ಹೆಂಡತಿ ದಿಬ್ಬದ ಕಾಯಿಲೆಯವರನ್ನೆಲ್ಲ ಕರೆತರುವುದು, ಈಕೆ ನೋಡಿ ಮಾತ್ರೆ ಕೊಡುವುದು. ಆ ನರ್ಸು ಗೊಣಗುತ್ತಲೇ ಒಪ್ಪಿದಳು, ಗೊಣಗುತ್ತಲೇ ವರ್ಷಗಟ್ಟಲೆ ನಡೆಸಿದಳು.

ಎರಡು ಸಾವಿರದ ಇಸವಿ ಕಳೆದು ಎಷ್ಟೋ ವರ್ಷಗಳ ಮೇಲೆ ಒಂದು ಚಳಿಗಾಲ ನಮ್ಮ ಓಣಿಯವರು ಆ ಹಿನ್ನೀರಿಗೆ ಗುಲಾಬಿ ಬಣ್ಣದ ಹಕ್ಕಿಗಳನ್ನು ನೋಡಲು ಹೊರಟರು. ನಾನೂ ಹೋದೆ. ಪುಣೆಯ ಮಂದಿ ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಹಕ್ಕಿಗಳಿಗಿಂತ ಹೆಚ್ಚು ಕಿರುಚುತ್ತಿದ್ದರು. ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ಗದರುತ್ತಿದ್ದವಳು ಅಂಬಿಗನ ಹೆಂಡತಿ. ಕೂದಲು ಪೂರ್ತಿ ನೆರೆತಿತ್ತು. ನನ್ನನ್ನು ಗುರುತಿಸಿ ಮೇಲಿಂದ ಕೆಳಗೆ ನೋಡಿದಳು.

“ಭಾಳ ದಪ್ಪ ಆಗೀರಿ. ಸಕ್ಕರಿ ನೋಡಿಸ್ಕೊಂಡೀರೇನ್ರಿ?”

ಇಲ್ಲ ಎಂದೆ. ನಮ್ಮ ಓಣಿಯವರೆಲ್ಲರ ಎದುರು ಬೈಸಿಕೊಂಡೆ. ಅಂಬಿಗ ದಡದ ಮೇಲೆ ಹುಲ್ಲಿನ ಚಪ್ಪರದ ನೆರಳಲ್ಲಿ ಬಲೆ ಹೆಣೆಯುತ್ತ ಕೂತಿದ್ದ. ಮೀಸೆ ಬೆಳ್ಳಗಾಗಿತ್ತು, ಕಣ್ಣು ಸ್ವಲ್ಪ ಮಂಜಾಗಿತ್ತು, ಕಾಲು ಹಾಗೇ ಇತ್ತು. ಅವನೊಂದಿಗೆ ಕೂತು ಚಹಾ ಕುಡಿದೆ. ಸಕ್ಕರೆಯೇ ಇಲ್ಲದ, ಬಾಯಿಗಿಡಲಾಗದ ಚಹಾ.

ಮನೆಗೆ ಬಂದವಳೇ ನಿಗಡಿಗೆ ಫೋನ್ ಮಾಡಿದೆ. ಸಿಸ್ಟರ್ ನಿವೃತ್ತರಾಗಿ ಸೊಸೆಯನ್ನು ಬೈದುಕೊಂಡು ಇದ್ದರು. ಅಂಬಿಗ ಸಿಕ್ಕಿದ್ದ ಎಂದೆ.

“ಚಪ್ಪಲಿ ಹಾಕ್ಕೊಂಡಿದ್ನೇನು?”

“ಹಾಕ್ಕೊಂಡಿದ್ದ ಸಿಸ್ಟರ್.”

“ನಿನ್ನ ನೋಡಿ ಹಾಕ್ಕೊಂಡಿರ್ತಾನ, ಹುಚ್ಚಿ,” ಎಂದು ಫೋನ್ ಇಟ್ಟರು.